ಪ್ಲಗ್ ಜೊತೆಗೇ ಕಿತ್ತು ಬಂದ ಥ್ರೆಡ್: ಒಂದು ಹಳೆ ಕಾರಿನ ಹೆಡ್ ರಿಪೇರಿ

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಹೈಸ್ಕೂಲ್ ಮೇಷ್ಟ್ರೊಬ್ಬರು ಹಾಸನದ ನಮ್ಮ ಗ್ಯಾರೇಜಿಗೆ ಒಂದು ಸಣ್ಣ ಕಾರು ತಂದರು. 2011ರ ಮಾಡೆಲ್. ಮೂರು ಸಿಲಿಂಡರ್, 800 ಸಿಸಿ ಹತ್ತಿರದ ಪೆಟ್ರೋಲ್ ಇಂಜಿನ್. ಮೀಟರಿನಲ್ಲಿ 78,000 ಕಿಲೋಮೀಟರ್ ಇತ್ತು. ನಾಲ್ಕು ತಿಂಗಳ ಹಿಂದೆ ಸೆಕೆಂಡ್ ಹ್ಯಾಂಡ್ ಕೊಂಡಿದ್ದರು. ಸಕಲೇಶಪುರದ ಕಡೆ ಅವರ ಶಾಲೆ, ಉಪ್ಪಿನಂಗಡಿಯಲ್ಲಿ ತಂಗಿ ಮನೆ. ತಿಂಗಳಿಗೆ ಎರಡು ಸಲವಾದರೂ ಶಿರಾಡಿ ಘಾಟಿ ಇಳಿದು ಹತ್ತುತ್ತಾರೆ.

ಅವರು ಹೇಳಿದ್ದು ಇಷ್ಟು. "ಗುಂಡ್ಯದಿಂದ ಘಾಟಿ ಹತ್ತುವಾಗ ಬಾನೆಟ್ ಒಳಗಿಂದ ಟುಸ್ ಟುಸ್ ಅಂತ ಸದ್ದು ಬರುತ್ತೆ. ಮಾರನಹಳ್ಳಿ ದಾಟೋ ಹೊತ್ತಿಗೆ ಎರಡನೇ ಗೇರಲ್ಲೂ ಎಳೆಯಲ್ಲ. ನಿಲ್ಲಿಸಿದರೆ ಪೆಟ್ರೋಲ್ ವಾಸನೆ." ಮೊದಲು ಲೀಟರಿಗೆ 18 ಕೊಡುತ್ತಿದ್ದ ಕಾರು ಈಗ 13ಕ್ಕೆ ಇಳಿದಿತ್ತು. ನನ್ನ ಹತ್ತಿರ ಬರುವ ಮೊದಲು ಎರಡು ಕಡೆ ತೋರಿಸಿದ್ದರು. ಒಬ್ಬರು ಸೈಲೆನ್ಸರ್ ಲೀಕ್ ಅಂದಿದ್ದರು. ಇನ್ನೊಬ್ಬರು ಇಂಜಿನ್ ಕೆಲಸಕ್ಕೆ ಬಂದಿದೆ, 35 ಸಾವಿರ ಬೇಕು ಅಂದಿದ್ದರು. ಮೇಷ್ಟ್ರ ಮುಖದಲ್ಲಿ ಚಿಂತೆ ಕಾಣುತ್ತಿತ್ತು. ಕಾರಿಗೆ ಕೊಟ್ಟ ದುಡ್ಡೇ ಸೊಸೈಟಿ ಸಾಲ.

ಈ ಕೆಲಸವನ್ನು ನಾನು ಮೊದಲಿಂದ ಕೊನೆಯವರೆಗೆ ನೋಟ್ ಪುಸ್ತಕದಲ್ಲಿ ಬರೆದಿಟ್ಟುಕೊಂಡೆ. ಸಿಲಿಂಡರುಗಳ ಮೇಲೆ ಮುಚ್ಚಳದ ಹಾಗೆ ಕೂರುವ ಅಲ್ಯೂಮಿನಿಯಂ ಹೆಡ್‌ನಲ್ಲಿ, ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ ಕೂರುವ ತೂತಿನ ಥ್ರೆಡ್ (ತಿರುಪಿನ ಸುತ್ತು) ಹೋದರೆ ಎಷ್ಟೋ ಜನ ಹೆಡ್ಡನ್ನೇ ಗುಜರಿಗೆ ಹಾಕುತ್ತಾರೆ. ಇಲ್ಲವಾದರೆ ಏನೋ ಅಂಟು ತುಂಬಿ ಗಾಡಿ ಓಡಿಸುತ್ತಾರೆ. ಎರಡೂ ಬೇಕಾಗಿಲ್ಲ. ಸರಿಯಾಗಿ ಮಾಡಿದರೆ ಆ ತೂತು ಮೊದಲಿಗಿಂತ ಗಟ್ಟಿಯಾಗುತ್ತದೆ. ಆದರೆ ಸರಿಯಾಗಿ ಮಾಡುವುದು ಅಂದರೆ ಏನು ಅನ್ನುವುದನ್ನು ಒಂದೇ ಮಾತಿನಲ್ಲಿ ಹೇಳಲು ಆಗುವುದಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಸದ್ದು ಎಲ್ಲಿಂದ?

ಬೆಳಿಗ್ಗೆ ತಣ್ಣಗಿದ್ದ ಇಂಜಿನ್ ಸ್ಟಾರ್ಟ್ ಮಾಡಿದೆ. ಒಂದೇ ಸಲಕ್ಕೆ ಹತ್ತಿತು. ಐಡಲ್‌ನಲ್ಲಿ ನಡುಕ ಇತ್ತು. ಆಕ್ಸಿಲರೇಟರ್ ಕೊಟ್ಟಾಗ ಟುಸ್ ಸದ್ದು ಚೂಪಾಗಿ ಕೇಳಿತು. ಹೆಡ್ಡಿನಿಂದ ಹೊಗೆ ಹೊರಗೆ ಒಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಗ್ಯಾಸ್ಕೆಟ್ ಲೀಕಾದರೂ ಹೆಚ್ಚು ಕಡಿಮೆ ಇದೇ ಸದ್ದು. ಆದ್ದರಿಂದ ಸೈಲೆನ್ಸರ್ ಲೀಕ್ ಅಂದವರು ಸುಮ್ನೆ ಹೇಳಿದ್ದಲ್ಲ. ಆದರೆ ಒಂದು ವ್ಯತ್ಯಾಸ ಇದೆ. ಮ್ಯಾನಿಫೋಲ್ಡ್ ಲೀಕ್ ಸಾಮಾನ್ಯವಾಗಿ ತಣ್ಣಗಿದ್ದಾಗ ಜಾಸ್ತಿ. ಕಬ್ಬಿಣ ಬಿಸಿಯಾಗಿ ಹಿಗ್ಗಿದ ಮೇಲೆ ಸಂದು ಮುಚ್ಚಿಕೊಂಡು ಸದ್ದು ಇಳಿಯುತ್ತದೆ. ಇಲ್ಲಿ ಉಲ್ಟಾ. ಬಿಸಿಯಾದಷ್ಟೂ ಸದ್ದು ಏರುತ್ತಿತ್ತು.

ಯಾವ ಸಿಲಿಂಡರ್ ಅಂತ ತಿಳಿಯಲು, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರುಗಳ ಕನೆಕ್ಟರುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದೆ. ಮೊದಲನೆಯದು ತೆಗೆದಾಗ ಇಂಜಿನ್ ಕುಸಿಯಿತು. ಎರಡನೆಯದಕ್ಕೂ ಹಾಗೇ. ಮೂರನೆಯದು ತೆಗೆದರೆ ಹೆಚ್ಚು ಫರಕೇ ಆಗಲಿಲ್ಲ. ಅಂದರೆ ಮೂರನೇ ಸಿಲಿಂಡರ್ ದುಡಿಯುತ್ತಿಲ್ಲ. ಪ್ಲಗ್ ವೈರ್ ಕಿತ್ತು ನೋಡುವ ಹಳೆಯ ಅಭ್ಯಾಸ ಈಗಲೂ ಕೆಲವು ಕಡೆ ಇದೆ. ಇಂಜೆಕ್ಟರ್ ಇರುವ ಗಾಡಿಗೆ ಅದು ಬೇಡ. ಕಿಡಿ ನಿಲ್ಲಿಸಿದರೆ ಉರಿಯದ ಪೆಟ್ರೋಲ್ ನೇರ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಕೆಡಿಸುತ್ತದೆ. ಕೈಗೆ ಶಾಕ್ ಹೊಡೆಯುವುದು ಬೇರೆ.

ಆಮೇಲೆ ಸೋಪಿನ ನೀರು. ಮೂರನೇ ಪ್ಲಗ್ ಬುಡಕ್ಕೆ ಸ್ಪ್ರೇ ಮಾಡಿದ ಕೂಡಲೇ ಗುಳ್ಳೆ ಎದ್ದವು. ಪ್ಲಗ್ಗಿನ ಸುತ್ತ ಕಪ್ಪು ಮಸಿ ಕಟ್ಟಿತ್ತು. ಸಿಲಿಂಡರ್ ಒಳಗಿನ ಗ್ಯಾಸ್ ಥ್ರೆಡ್ ಸಂದಿನಿಂದಲೇ ಹೊರಗೆ ಬರುತ್ತಿತ್ತು. ಮೇಷ್ಟ್ರಿಗೆ ಬಂದ ಪೆಟ್ರೋಲ್ ವಾಸನೆಯೂ ಅದೇ.

"ಈ ಗಾಡೀಲಿ ಘಾಟಿ ಹತ್ತಬೇಡಿ ಮೇಷ್ಟ್ರೇ, ಇಲ್ಲೇ ಬಿಟ್ಟು ಹೋಗಿ" ಅಂದೆ. ಹೆದರಿಸಲು ಹೇಳಿದ್ದಲ್ಲ. ಇಂಜಿನ್ ಪೂರ್ತಿ ಲೋಡ್‌ನಲ್ಲಿ ಇರುವಾಗ ಸಿಲಿಂಡರ್ ಒಳಗೆ ಒತ್ತಡ 50 ಬಾರ್ ಮುಟ್ಟುತ್ತದೆ. ಪ್ಲಗ್ಗಿನ ವ್ಯಾಸ 14 ಮಿ.ಮೀ. ಲೆಕ್ಕ ಹಾಕಿದರೆ ಪ್ರತಿ ಹೊಡೆತಕ್ಕೂ ಪ್ಲಗ್ಗನ್ನು ಹೊರಗೆ ತಳ್ಳುವ ಬಲ 75ರಿಂದ 80 ಕೆ.ಜಿ. ತೂಕದಷ್ಟು. ಇಂಜಿನ್ 3,000 ಸುತ್ತು ತಿರುಗುವಾಗ ಒಂದು ಸಿಲಿಂಡರಿನಲ್ಲಿ ಸೆಕೆಂಡಿಗೆ 25 ಹೊಡೆತ. ಇಷ್ಟನ್ನೂ ತಡೆದು ನಿಲ್ಲಿಸುವುದು ಥ್ರೆಡ್ಡಿನ ಕೆಲವೇ ಸುತ್ತುಗಳು. ಅವು ಸೋತರೆ ಪ್ಲಗ್ ಗುಂಡಿನ ಹಾಗೆ ಹಾರುತ್ತದೆ.

ಪ್ಲಗ್ ತೆಗೆದಾಗ

ಆ ರಾತ್ರಿ ಗಾಡಿಯನ್ನು ಹಾಗೇ ಬಿಟ್ಟೆ. ಅಲ್ಯೂಮಿನಿಯಂ ಹೆಡ್‌ನಿಂದ ಪ್ಲಗ್ ತೆಗೆಯುವುದಾದರೆ ಇಂಜಿನ್ ಪೂರ್ತಿ ತಣ್ಣಗಿರಬೇಕು. ಬಿಸಿ ಇದ್ದಾಗ ಅಲ್ಯೂಮಿನಿಯಂ ಇನ್ನೂ ಮೆತ್ತಗಿರುತ್ತದೆ, ಪ್ಲಗ್ ಜೊತೆ ಅದರ ಥ್ರೆಡ್ಡೂ ಕೆರೆದುಕೊಂಡು ಬರುತ್ತದೆ. ಗಿರಾಕಿ ಕಾಯುತ್ತಿದ್ದಾರೆ ಅಂತ ಬಿಸಿ ಇಂಜಿನ್ನಿಗೇ ಪಾನ (ಸ್ಪ್ಯಾನರ್) ಹಾಕುವುದರಿಂದ ಎಷ್ಟು ಹೆಡ್ ಹಾಳಾಗಿವೆಯೋ.

ಬೆಳಿಗ್ಗೆ ತೆಗೆದೆ. ಒಂದನೆಯದು, ಎರಡನೆಯದು ಸಲೀಸಾಗಿ ಬಂದವು. ಮೂರನೆಯದು ಮೊದಲ ಸುತ್ತಿಗೇ ಸಡಿಲ ಆಯಿತು, ಆಮೇಲೆ ಬಿಗಿ, ಮತ್ತೆ ಸಡಿಲ. ಹೊರಗೆ ಬಂದಾಗ ನೋಡಿದರೆ ಪ್ಲಗ್ಗಿನ ಮೈಗೆ ಒಂದು ಸ್ಟೀಲ್ ಸ್ಪ್ರಿಂಗ್ ಸುತ್ತಿಕೊಂಡಿತ್ತು. ನಮ್ಮ ಕೆಲಸದಲ್ಲಿ ಅದನ್ನು ಹೆಲಿಕಾಯಿಲ್ ಅನ್ನುತ್ತೇವೆ. ಅಂದರೆ ಈ ತೂತಿನ ಥ್ರೆಡ್ ಹಿಂದೆ ಒಮ್ಮೆ ಹೋಗಿತ್ತು. ಯಾರೋ ರಿಪೇರಿ ಮಾಡಿದ್ದರು. ಆ ರಿಪೇರಿ ಈಗ ಕಿತ್ತು ಬಂದಿತ್ತು. ಸುರುಳಿಯ ಸುತ್ತ ಸುಟ್ಟು ಕರಕಲಾದ ಅಂಟು ಕೂಡ ಇತ್ತು. ಮಾರುವ ಮೊದಲು ಮೆತ್ತಿದ್ದಿರಬೇಕು.

ಹೆಲಿಕಾಯಿಲ್ ಕೆಟ್ಟ ಪದ್ಧತಿ ಅಲ್ಲ. ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಒಂದು ಕಡೆ ಕಿತ್ತು ಬಂದಿದ್ದನ್ನು ನೋಡಿ ಅದನ್ನು ಬೈಯುವವರು ಜಾಸ್ತಿ. ಹಾಳಾದ ಥ್ರೆಡ್ ಕೊರೆದು ತೆಗೆದು, ಸ್ವಲ್ಪ ದೊಡ್ಡದಾದ ವಿಶೇಷ ಟ್ಯಾಪ್ (ಥ್ರೆಡ್ ಕೊರೆಯುವ ಸಾಧನ) ಹೊಡೆದು, ಅದರೊಳಗೆ ಸ್ಟೇನ್‌ಲೆಸ್ ಸ್ಟೀಲ್ ತಂತಿಯ ಸುರುಳಿ ಕೂರಿಸುತ್ತೇವೆ. ಸುರುಳಿಯ ಹೊರಗಿನ ಅಳತೆ ತೂತಿಗಿಂತ ತುಸು ದೊಡ್ಡದು. ಸ್ಪ್ರಿಂಗ್ ಆದ್ದರಿಂದ ಹಿಗ್ಗಿ ಹಿಡಿದುಕೊಳ್ಳುತ್ತದೆ. ಒಳಗಿನ ಥ್ರೆಡ್ ಮೊದಲಿನ ಅಳತೆಗೇ ಬರುತ್ತದೆ: 14 ಮಿ.ಮೀ., 1.25 ಪಿಚ್ (ಒಂದು ಸುತ್ತಿನಿಂದ ಮುಂದಿನ ಸುತ್ತಿಗೆ ಇರುವ ಅಂತರ). ಮೆತ್ತನೆ ಅಲ್ಯೂಮಿನಿಯಂ ಬದಲು ಗಟ್ಟಿ ಸ್ಟೀಲಿನ ಮೇಲೆ ಪ್ಲಗ್ ಕೂರುತ್ತದೆ. ನೆಟ್ಟಗೆ ಹಾಕಿದ್ದರೆ ವರ್ಷಗಟ್ಟಲೆ ಬಾಳುತ್ತದೆ.

ಇಲ್ಲಿ ನೆಟ್ಟಗೆ ಹಾಕಿರಲಿಲ್ಲ. ಟಾರ್ಚ್ ಬಿಟ್ಟು ನೋಡಿದೆ. ಪ್ಲಗ್ ವಾಷರ್ ಕೂರುವ ಜಾಗದಲ್ಲಿ ಒಂದು ಬದಿ ಮಾತ್ರ ಹೊಳೆಯುತ್ತಿತ್ತು, ಇನ್ನೊಂದು ಬದಿ ಕಪ್ಪು. ಪ್ಲಗ್ ಓರೆಯಾಗಿ ನಿಂತಿತ್ತು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಹೆಡ್ ಗಾಡಿಯ ಮೇಲೇ ಇರುವಾಗ ಕೈ ಡ್ರಿಲ್ಲಿನಲ್ಲಿ ಕೊರೆದಿದ್ದರು. ಎರಡು ಮೂರು ಡಿಗ್ರಿ ವಾಲಿದರೂ ಸಾಕು, ವಾಷರ್ ಒಂದೇ ಬದಿ ಒತ್ತುತ್ತದೆ. ಇನ್ನೊಂದು ಬದಿಯಿಂದ ಗ್ಯಾಸ್ ಜಿನುಗುತ್ತದೆ. ಜಿನುಗಿದ ಬಿಸಿ ಗ್ಯಾಸ್ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ, ತಿಂದಷ್ಟೂ ಜಿನುಗುವುದು ಹೆಚ್ಚು. ಲೀಕ್ ನಿಲ್ಲಲಿ ಅಂತ ಯಾರೋ ಇನ್ನೂ ಬಿಗಿ ಮಾಡಿದ್ದಾರೆ. ಆ ಬಿಗಿಗೆ ಸುರುಳಿ ಜಾಗ ಬಿಟ್ಟಿದೆ.

ಪ್ಲಗ್ಗಿನ ತುದಿಯೂ ಇದನ್ನೇ ಹೇಳುತ್ತಿತ್ತು. ಮೊದಲ ಎರಡರ ಬಣ್ಣ ತಿಳಿ ಕಂದು. ಮೂರನೆಯದು ಸುಣ್ಣದ ಹಾಗೆ ಬಿಳಿ, ಮೇಲೆ ಸಣ್ಣ ಗುಳ್ಳೆಗಳು. ಪ್ಲಗ್ ತನ್ನ ಬಿಸಿಯಲ್ಲಿ ಹೆಚ್ಚಿನ ಪಾಲನ್ನು ಥ್ರೆಡ್ ಮತ್ತು ವಾಷರ್ ಮೂಲಕವೇ ಹೆಡ್ಡಿಗೆ ದಾಟಿಸುತ್ತದೆ. ಅವು ಸರಿಯಾಗಿ ತಾಗದಿದ್ದರೆ ಬಿಸಿ ಅಲ್ಲೇ ನಿಲ್ಲುತ್ತದೆ. ತುದಿ ಕೆಂಪಗೆ ಕಾದು, ಕಿಡಿ ಬರುವ ಮೊದಲೇ ಪೆಟ್ರೋಲ್ ಉರಿಯಲು ಶುರುವಾದರೆ ಪಿಸ್ಟನ್ ತೂತಾಗುವುದು ದೂರವಿಲ್ಲ.

ಖರ್ಚು ಮಾಡಬಹುದಾ ಅನ್ನುವ ಪ್ರಶ್ನೆ

ರಿಪೇರಿಗೆ ಮೊದಲು ಇಂಜಿನ್ನಿನ ಉಳಿದ ಆರೋಗ್ಯ ನೋಡಲೇಬೇಕು. ಪಿಸ್ಟನ್ ರಿಂಗ್ ಸವೆದು ಹೊಗೆ ಬಿಡುವ ಇಂಜಿನ್ನಿಗೆ ಹೆಡ್ ಮಾತ್ರ ಚಂದ ಮಾಡಿ ಕೊಟ್ಟರೆ ಗಿರಾಕಿಗೆ ಮೋಸ ಮಾಡಿದ ಹಾಗೆ. ಕಂಪ್ರೆಷನ್, ಅಂದರೆ ಪಿಸ್ಟನ್ ಮೇಲೇರಿದಾಗ ಸಿಲಿಂಡರಿನಲ್ಲಿ ಏಳುವ ಒತ್ತಡ ನೋಡಿದೆ. ಒಂದನೆಯದು 175 ಪಿಎಸ್‌ಐ, ಎರಡನೆಯದು 170. ಮೂರನೆಯದಕ್ಕೆ ಗೇಜ್ ತಿರುಗಿಸಲು ಥ್ರೆಡ್ಡೇ ಇಲ್ಲ. ಅದಕ್ಕೆ ರಬ್ಬರ್ ಮೂತಿಯ ಗೇಜ್ ಒತ್ತಿ ಹಿಡಿದು ನೋಡಿದೆ. 160 ಬಂತು. ಆಯಿಲ್ ಕ್ಯಾಪಿನಿಂದ ಹೊಗೆ ಇರಲಿಲ್ಲ, ಕೂಲಂಟ್‌ನಲ್ಲಿ ಆಯಿಲ್ ಇರಲಿಲ್ಲ. 35 ಸಾವಿರದ ಇಂಜಿನ್ ಕೆಲಸ ಇದಕ್ಕೆ ಬೇಕಾಗಿರಲಿಲ್ಲ. ಕೆಟ್ಟಿದ್ದು ಹೆಬ್ಬೆರಳು ಗಾತ್ರದ ಒಂದು ತೂತು.

ಆ ತೂತನ್ನು ಏನು ಮಾಡುವುದು ಅನ್ನುವುದಕ್ಕೆ ನಾನು ಒಂದು ದಿನ ಪೂರ್ತಿ ಯೋಚಿಸಿದೆ.

ಇನ್ನೊಂದು ಹೆಲಿಕಾಯಿಲ್ ಹಾಕೋಣ ಅಂದರೆ ತೂತು ಗುಂಡಗೆ ಉಳಿದಿರಲಿಲ್ಲ. ವರ್ನಿಯರ್ ಇಟ್ಟಾಗ ಒಂದು ಕಡೆ 15.6, ಅದಕ್ಕೆ ಅಡ್ಡ 15.9. ಮೊಟ್ಟೆಯಾಕಾರದ ತೂತಿನಲ್ಲಿ ಸುರುಳಿ ಹಿಡಿಯುವುದಿಲ್ಲ.

ಹಳೆ ಹೆಡ್ ತರಿಸೋಣ ಅಂದರೆ ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಸಿಗುತ್ತದೆ. ಪರಿಚಯದವರು ಫೋನಿನಲ್ಲಿ 6,500 ಹೇಳಿದರು. ಆದರೆ ಆ ಹೆಡ್ ಯಾವ ಗಾಡಿಯದು, ಎಷ್ಟು ಸಲ ಬಿಸಿಯಾಗಿ ಸೊಟ್ಟಗಾಗಿದೆ, ಯಾರಿಗೆ ಗೊತ್ತು? ತಂದ ಮೇಲೂ ಫೇಸಿಂಗ್ (ಹೆಡ್ಡಿನ ಅಡಿಮೈ ಸವರಿ ಸಮ ಮಾಡುವುದು), ವಾಲ್ವ್ ಕೆಲಸ, ಗ್ಯಾಸ್ಕೆಟ್ ಎಲ್ಲ ಇದ್ದೇ ಇದೆ. ಕೈಯಲ್ಲಿರುವ ಹೆಡ್‌ನ ತೊಂದರೆ ಏನು ಅಂತ ನನಗೆ ಗೊತ್ತು. ಗುಜರಿ ಹೆಡ್‌ನ ತೊಂದರೆ ಗೊತ್ತಿಲ್ಲ.

ಆರ್ಗಾನ್ ವೆಲ್ಡಿಂಗ್ ಮಾಡಿಸಿ ತೂತು ತುಂಬಿ, ಹೊಸದಾಗಿ ಕೊರೆಯುವ ದಾರಿಯೂ ಇದೆ. ಒಳ್ಳೆ ಕೈ ಸಿಕ್ಕರೆ ಅದ್ಭುತವಾಗಿ ಆಗುತ್ತದೆ. ಆದರೆ ಪ್ಲಗ್ ತೂತಿನ ಪಕ್ಕದಲ್ಲೇ ವಾಲ್ವ್ ಸೀಟ್, ಅಂದರೆ ವಾಲ್ವ್ ಬಂದು ಕೂರುವ ಬಳೆ. ವೆಲ್ಡಿಂಗ್ ಬಿಸಿಗೆ ಸೀಟ್ ಸಡಿಲ ಆಗಬಹುದು, ಹೆಡ್ ಬಿರುಕು ಬಿಡಬಹುದು. ಅದನ್ನು ಕೊನೆಗೆ ಇಟ್ಟುಕೊಂಡೆ.

ಉಳಿದಿದ್ದು ಗಟ್ಟಿ ಬುಷ್. ಸುರುಳಿಯ ಬದಲು ಒಂದೇ ತುಂಡಿನ ಸ್ಟೀಲ್ ತೋಳು. ಹೊರಗೆ 18 ಮಿ.ಮೀ., 1.5 ಪಿಚ್ ಥ್ರೆಡ್. ಒಳಗೆ ಪ್ಲಗ್ಗಿನ 14 ಮಿ.ಮೀ., 1.25 ಪಿಚ್. 18ರ ಟ್ಯಾಪಿಗೆ 16.5ರ ತೂತು ಬೇಕು. 15.9ರ ಮೊಟ್ಟೆ ತೂತು 16.5ಕ್ಕೆ ಕೊರೆದರೆ ಪೂರ್ತಿ ಗುಂಡಗಾಗುತ್ತದೆ. ಬುಷ್ಷಿನ ಗೋಡೆ ತೆಳು ಜಾಗದಲ್ಲಿ ಒಂದು ಮಿಲಿಮೀಟರಿಗಿಂತ ಕೂದಲಷ್ಟು ಜಾಸ್ತಿ ಉಳಿಯುತ್ತದೆ. ಸ್ಟೀಲಿಗೆ ಅದು ಸಾಕು. ಪ್ರತಿ ಸಿಲಿಂಡರಿಗೆ ಎರಡೇ ವಾಲ್ವ್ ಇರುವ ಹೆಡ್ ಆದ್ದರಿಂದ ಸೀಟಿನ ಕಡೆಗೂ ಸಾಕಷ್ಟು ಅಲ್ಯೂಮಿನಿಯಂ ಉಳಿಯುತ್ತಿತ್ತು. ನಾಲ್ಕು ವಾಲ್ವಿನ ಹೆಡ್ ಆಗಿದ್ದರೆ ಈ ಅಳತೆಗೆ ನಾನು ಕೈ ಹಾಕುತ್ತಿರಲಿಲ್ಲ.

ಮೇಷ್ಟ್ರನ್ನು ಕರೆದು ಕಿತ್ತು ಬಂದ ಸುರುಳಿ ಕೈಗೆ ಕೊಟ್ಟು ಎಲ್ಲ ವಿವರಿಸಿದೆ. ಹೆಡ್ ಇಳಿಸಬೇಕು, ಹತ್ತು ಸಾವಿರದ ಒಳಗೆ ಆಗುತ್ತದೆ, ನಾಲ್ಕು ದಿನ ಬೇಕು ಅಂದೆ. ಅವರು ಕೇಳಿದ ಪ್ರಶ್ನೆ ಒಳ್ಳೆಯದು. "ಹೆಡ್ ಇಳಿಸದೇ ಮಾಡೋಕೆ ಆಗಲ್ವಾ? ಅರ್ಧ ದುಡ್ಡು ಉಳಿಯುತ್ತಲ್ವಾ?"

ಆಗುತ್ತದೆ. ಮೊದಲ ಸಲ ಥ್ರೆಡ್ ಹೋಗಿ, ತೂತು ಇನ್ನೂ ನೆಟ್ಟಗಿದ್ದರೆ ನಾನೂ ಹೆಡ್ ಇಳಿಸದೇ ಹೆಲಿಕಾಯಿಲ್ ಹಾಕುತ್ತೇನೆ. ಪಿಸ್ಟನ್ ತುಸು ಕೆಳಗೆ ಇಳಿಸಿ, ಟ್ಯಾಪಿನ ಹಳ್ಳಗಳಿಗೆ ಗ್ರೀಸ್ ತುಂಬಿ, ಕಾಲು ಸುತ್ತಿಗೊಮ್ಮೆ ಹೊರಗೆ ತೆಗೆದು ಒರೆಸುತ್ತಾ ಹೋಗಬೇಕು. ಚೂರು ಗ್ರೀಸಿಗೆ ಅಂಟುತ್ತದೆ. ಆಮೇಲೆ ವ್ಯಾಕ್ಯೂಮ್‌ಗೆ ಸಣ್ಣ ಪೈಪ್ ಸಿಕ್ಕಿಸಿ ಒಳಗೆ ಎಳೆಯಬೇಕು, ಎಕ್ಸಾಸ್ಟ್ ವಾಲ್ವ್ ತೆರೆದು ಗಾಳಿ ಹೊಡೆಯಬೇಕು. ಇಷ್ಟೆಲ್ಲ ಮಾಡಿದರೂ ಒಂದು ಚೂರು ಉಳಿಯಿತೇನೋ ಅನ್ನುವ ಅಳುಕು ಇದ್ದೇ ಇರುತ್ತದೆ. ಈ ತೂತಿಗೆ ಒಮ್ಮೆ ಹಾಗೆ ಮಾಡಿ ಕೆಟ್ಟಿತ್ತು. ಎರಡನೇ ಸಲ ಕೈ ಅಂದಾಜಿನಲ್ಲಿ ಕೊರೆಯಲು ನನಗೆ ಮನಸ್ಸು ಬರಲಿಲ್ಲ. ಹಾಗೇ ಹೇಳಿದೆ. ಅವರು ಒಪ್ಪಿದರು.

ಹೆಡ್ ಇಳಿಸಿದ ಮೇಲೆ

ಕೂಲಂಟ್ ಇಳಿಸಿ, ಟೈಮಿಂಗ್ ಮಾರ್ಕ್ ಕೂರಿಸಿ, ಬೆಲ್ಟ್ ತೆಗೆದು, ಹೆಡ್ ಬೋಲ್ಟುಗಳನ್ನು ಹೊರಗಿನಿಂದ ಒಳಕ್ಕೆ, ಮೂರು ಸುತ್ತಿನಲ್ಲಿ ಸಡಿಲ ಮಾಡಿದೆವು. ಒಂದೇ ಬೋಲ್ಟನ್ನು ಪೂರ್ತಿ ಬಿಚ್ಚಿ ಇನ್ನೊಂದಕ್ಕೆ ಹೋದರೆ ಹೆಡ್ ಸೊಟ್ಟಗಾಗುತ್ತದೆ.

ಮೂರನೇ ಪಿಸ್ಟನ್ ತಲೆಯ ಮೇಲೆ ಅಕ್ಕಿಕಾಳಿನಷ್ಟು ಉದ್ದದ ಒಂದು ಗುಳಿ ಇತ್ತು. ನಮ್ಮ ಹುಡುಗ ಏನಣ್ಣ ಇದು ಅಂದ. ಸುರುಳಿಯ ಕೊನೆಯಲ್ಲಿ ಒಂದು ಸಣ್ಣ ಅಡ್ಡ ತುಂಡು ಇರುತ್ತದೆ. ಸುರುಳಿ ತಿರುಗಿಸುವ ಸಾಧನ ಅದನ್ನೇ ಹಿಡಿಯುವುದು. ಕೂರಿಸಿದ ಮೇಲೆ ಅದನ್ನು ಮುರಿದು ಹೊರಗೆ ತೆಗೆಯಬೇಕು. ಹಿಂದೆ ಮಾಡಿದವರು ಮುರಿದಿದ್ದರು, ತೆಗೆದಿರಲಿಲ್ಲ. ಅದು ಒಳಗೆ ಬಿದ್ದು, ಪಿಸ್ಟನ್ನಿಗೂ ಹೆಡ್ಡಿಗೂ ನಡುವೆ ಸಿಕ್ಕಿ ಜಜ್ಜಿ, ಕೊನೆಗೆ ಎಕ್ಸಾಸ್ಟ್ ದಾರಿಯಲ್ಲಿ ಹೊರಟು ಹೋಗಿದೆ. ಸಿಲಿಂಡರ್ ಗೋಡೆಯ ಮೇಲೆ ಉಗುರು ಆಡಿಸಿ ನೋಡಿದೆ. ಎಲ್ಲೂ ತಡೆಯಲಿಲ್ಲ. ಗೀರು ಬಿದ್ದಿರಲಿಲ್ಲ. ಆ ಕ್ಷಣ ನನಗೆ ಆದ ನೆಮ್ಮದಿ ದೊಡ್ಡದು. ಗೋಡೆ ಗೀರಿದ್ದರೆ ಲೆಕ್ಕವೇ ಬೇರೆಯಾಗುತ್ತಿತ್ತು.

ಹೆಡ್ಡನ್ನು ತಲೆಕೆಳಗಾಗಿಟ್ಟು ನೆಟ್ಟಗಿನ ಪಟ್ಟಿ ಇಟ್ಟು, ಸಂದು ಅಳೆಯುವ ತೆಳು ತಗಡುಗಳ ಫೀಲರ್ ಗೇಜ್ ತೂರಿಸಿದೆ. 0.03 ಹೋಯಿತು, 0.04 ಹೋಗಲಿಲ್ಲ. ಈ ಇಂಜಿನ್ನಿಗೆ ಮಿತಿ 0.05 ಮಿ.ಮೀ. ಫೇಸಿಂಗ್ ಬೇಡ ಅಂತ ತೀರ್ಮಾನಿಸಿದೆ. ಹೆಡ್ ಇಳಿದ ಮೇಲೆ ಫೇಸಿಂಗ್ ಮಾಡಿಸಿಯೇ ಬಿಡೋಣ ಅನ್ನುವವರಿದ್ದಾರೆ. ಬೇಡದೆ ಸಿಪ್ಪೆ ತೆಗೆದರೆ ಹೆಡ್ಡಿನ ಮುಂದಿನ ಒಂದು ರಿಪೇರಿಯನ್ನು ಈಗಲೇ ಖರ್ಚು ಮಾಡಿದಂತೆ.

ಪೋರ್ಟುಗಳಿಗೆ ಸೀಮೆಎಣ್ಣೆ ಹುಯ್ದು ಇಟ್ಟಾಗ ಮೂರನೆಯದರ ಎಕ್ಸಾಸ್ಟ್ ವಾಲ್ವ್ ಸುತ್ತ ಒದ್ದೆ ಕಂಡಿತು. 160ಕ್ಕೆ ಕಾರಣ ಅದು. ಪೇಸ್ಟ್ ಹಾಕಿ ಕೈಯಲ್ಲೇ ಉಜ್ಜಿ ಸರಿ ಮಾಡಿದೆವು. ವಾಲ್ವ್ ಸೀಲುಗಳನ್ನೂ ಬದಲಿಸಿದೆವು.

ಲೇತ್ ಅಣ್ಣನ ಕೆಲಸ

ಮುಖ್ಯ ಕೆಲಸ ನಡೆದಿದ್ದು ಇಂಡಸ್ಟ್ರಿಯಲ್ ಏರಿಯಾದ ಒಂದು ಚಿಕ್ಕ ಲೇತ್ ಅಂಗಡಿಯಲ್ಲಿ. ಅಲ್ಲಿಯ ಅಣ್ಣನಿಗೆ ಅರವತ್ತು ದಾಟಿದೆ. ಅವರ ಕೈಯಿಂದ ಬಂದ ಕೆಲಸ ವಾಪಸ್ ಬಂದಿದ್ದನ್ನು ನಾನು ನೋಡಿಲ್ಲ.

ನನ್ನ ದೊಡ್ಡ ಪ್ರಶ್ನೆ, ತೂತನ್ನು ನೆಟ್ಟಗೆ ಕೊರೆಯುವುದು ಹೇಗೆ ಅನ್ನುವುದು. ಪ್ಲಗ್ ತೂತು ಹೆಡ್ಡಿಗೆ ಓರೆಯಾಗಿ ಇರುತ್ತದೆ. ಹಳೆಯ ತೂತನ್ನೇ ನೋಡಿ ಕೋನ ಹಿಡಿಯೋಣ ಅಂದರೆ ಅದೇ ಸೊಟ್ಟ. ಅಣ್ಣ ಹೆಡ್ಡನ್ನು ಒಮ್ಮೆ ತಿರುಗಿಸಿ ನೋಡಿ, "ಪಕ್ಕದ್ದು ಸರಿ ಇದೆಯಲ್ಲಪ್ಪ, ಅದನ್ನ ಕೇಳೋಣ" ಅಂದರು. ಒಂದೇ ಹೆಡ್‌ನ ಮೂರೂ ಪ್ಲಗ್ ತೂತುಗಳು ಒಂದೇ ಕೋನದಲ್ಲಿ ಇರುತ್ತವೆ. ಅವರು 14ರ ಥ್ರೆಡ್ ಇರುವ ಒಂದು ಉದ್ದನೆ ಸರಳು ತಯಾರಿಸಿದರು. ಅದನ್ನು ಎರಡನೇ ತೂತಿಗೆ ತಿರುಗಿಸಿ ನಿಲ್ಲಿಸಿದರು. ಮಿಲ್ಲಿಂಗ್ ಮೆಷಿನ್ನಿನ ಮೇಲೆ ಹೆಡ್ ಕೂರಿಸಿ, ಆ ಸರಳಿಗೆ ಡಯಲ್ ಗೇಜ್ ತಾಗಿಸಿ, ಮೇಲೆ ಕೆಳಗೆ ಆಡಿಸುತ್ತಾ ಅಡಿಯಲ್ಲಿ ತಗಡಿನ ಚೂರು ಸಿಕ್ಕಿಸುತ್ತಾ ಹೋದರು. ಮುಕ್ಕಾಲು ಗಂಟೆ ಹಿಡಿಯಿತು. ಸರಳು ಎರಡೂ ದಿಕ್ಕಿಗೆ ನೆಟ್ಟಗೆ ನಿಂತ ಮೇಲೆ ಹೆಡ್ ಅಲುಗಿಸದೆ, ಟೇಬಲ್ ಮಾತ್ರ ಸರಿಸಿ ಮೂರನೇ ತೂತಿನ ನೇರಕ್ಕೆ ತಂದರು. ಕೊರೆದಿದ್ದು ಐದೇ ನಿಮಿಷ.

ಬುಷ್ ಯಾವ ಲೋಹದ್ದು ಅನ್ನುವುದಕ್ಕೂ ಮಾತಾಯಿತು. ಹಿತ್ತಾಳೆ ಬಿಸಿಯನ್ನು ಚೆನ್ನಾಗಿ ದಾಟಿಸುತ್ತದೆ, ಹಿಗ್ಗುವುದರಲ್ಲೂ ಅಲ್ಯೂಮಿನಿಯಮ್ಮಿಗೆ ಹತ್ತಿರ. ಆದರೆ ಥ್ರೆಡ್ ಸವೆಯುತ್ತದೆ. ಹತ್ತು ಸಲ ಪ್ಲಗ್ ತೆಗೆದು ಹಾಕುವ ಜಾಗಕ್ಕೆ ನನಗೆ ಸ್ಟೀಲೇ ಸರಿ ಅನ್ನಿಸಿತು. ಇಎನ್ 8 ಅನ್ನುವ ಸ್ಟೀಲಿನ ಸರಳಿನಲ್ಲಿ ಮಾಡಿಸಿದೆ. ಸ್ಟೀಲಿನ ತೊಂದರೆ ಒಂದೇ. ಅಲ್ಯೂಮಿನಿಯಂ ಅದರ ಎರಡರಷ್ಟು ಹಿಗ್ಗುತ್ತದೆ. 18 ಮಿ.ಮೀ. ಬುಷ್ಷಿನಲ್ಲಿ ನೂರು ಡಿಗ್ರಿ ಬಿಸಿ ಏರಿದರೆ ಎರಡರ ನಡುವೆ 0.02 ಮಿ.ಮೀ. ಸಡಿಲ ಬರುತ್ತದೆ. ಸಣ್ಣದು, ಆದರೆ ಪ್ಲಗ್ ಬಿಚ್ಚುವಾಗ ಬುಷ್ಷೂ ಜೊತೆಗೆ ತಿರುಗಲು ಅಷ್ಟು ಸಾಕಾಗಬಹುದು. ಅದಕ್ಕೆ ಬುಷ್ಷನ್ನು ಹಿಡಿದಿಡುವ ಉಪಾಯ ಬೇಕು.

ಎರಡು ಉಪಾಯ ಸೇರಿಸಿದೆವು. ಬುಷ್ಷಿನ ಮೇಲ್ಭಾಗಕ್ಕೆ 22 ಮಿ.ಮೀ. ಅಗಲದ ಕಾಲರ್ ಬಿಟ್ಟೆವು. ಹೆಡ್‌ನಲ್ಲಿ ಕಾಲರಿನ ದಪ್ಪದಷ್ಟೇ ಆಳದ ತಗ್ಗು ಕೊರೆದು ಅದರೊಳಗೆ ಕಾಲರ್ ಕೂರುವ ಹಾಗೆ ಮಾಡಿದೆವು. ಥ್ರೆಡ್ಡನ್ನು ಥಿನ್ನರ್‌ನಲ್ಲಿ ತೊಳೆದು ಒಣಗಿಸಿ, ಹೆಚ್ಚು ಬಿಸಿ ತಡೆಯುವ ಥ್ರೆಡ್ ಲಾಕ್ ಹಚ್ಚಿ ಬುಷ್ ಬಿಗಿದೆವು. ಆಮೇಲೆ ಕಾಲರಿನ ಅಂಚಿಗೆ ಮೂರು ಕಡೆ ಪಂಚ್ ಹೊಡೆದೆವು, ಅಲ್ಯೂಮಿನಿಯಂ ಕಾಲರಿನ ಮೇಲೆ ತುಸು ಮಗುಚಿಕೊಳ್ಳುವ ಹಾಗೆ. ಒಂದು ದಿನ ಪೂರ್ತಿ ಹಾಗೇ ಬಿಟ್ಟೆವು.

ಇಲ್ಲಿ ಎರಡು ಅಳತೆಗಳ ಬಗ್ಗೆ ಹೇಳಲೇಬೇಕು. ಕಾಲರಿನ ಮೇಲ್ಮೈ ಮೊದಲಿನ ವಾಷರ್ ಕೂರುತ್ತಿದ್ದ ಮಟ್ಟಕ್ಕೇ ಇರಬೇಕು. ಒಂದು ಮಿಲಿಮೀಟರ್ ಎತ್ತರ ಉಳಿದರೆ ಪ್ಲಗ್ ಅಷ್ಟು ಹಿಂದೆ ನಿಲ್ಲುತ್ತದೆ, ಕಿಡಿ ತೂತಿನೊಳಗೆ ಅಡಗುತ್ತದೆ. ಬುಷ್ಷಿನ ಕೆಳತುದಿ ಸಿಲಿಂಡರ್ ಒಳಕ್ಕೆ ಚಾಚಿರಬಾರದು. ಚಾಚಿದ ತೆಳು ಅಂಚು ಕೆಂಡವಾಗಿ ಕಾಯುತ್ತದೆ. ಪ್ಲಗ್ಗಿನ ಥ್ರೆಡ್ ಉದ್ದ 19 ಮಿ.ಮೀ. ನಾವು ಬುಷ್ಷನ್ನು 18.7ಕ್ಕೆ ನಿಲ್ಲಿಸಿದೆವು. ಹೆಡ್ ಇಳಿಸಿದ್ದರಿಂದ ತಾನೇ ಅಡಿಯಿಂದ ಕಣ್ಣಾರೆ ನೋಡಲು ಆಗಿದ್ದು.

ಪ್ಲಗ್ ಹಾಕಿ, ಹೆಡ್ ಮಗುಚಿ, ಮೂರನೇ ಚೇಂಬರಿಗೆ ಸೀಮೆಎಣ್ಣೆ ತುಂಬಿದೆ. ಎರಡು ಗಂಟೆ ಬಿಟ್ಟು ಅಡಿಗೆ ಇಟ್ಟ ಪೇಪರ್ ನೋಡಿದೆ. ಒಣಗಿತ್ತು.

ಮತ್ತೆ ಜೋಡಣೆ

ಜೋಡಿಸುವುದರಲ್ಲಿ ಹೊಸದೇನಿಲ್ಲ. ಹೊಸ ಹೆಡ್ ಗ್ಯಾಸ್ಕೆಟ್, ಬೋಲ್ಟ್ ನಡುವಿನಿಂದ ಹೊರಕ್ಕೆ ಮೂರು ಹಂತದಲ್ಲಿ ಬಿಗಿ, ಹೊಸ ಟೈಮಿಂಗ್ ಬೆಲ್ಟ್, ಮಾರ್ಕ್ ಕೂರಿಸಿ ಕೈಯಲ್ಲೇ ಎರಡು ಸುತ್ತು ತಿರುಗಿಸಿ ನೋಡುವುದು, ಕೂಲಂಟ್ ತುಂಬಿ ಗಾಳಿ ತೆಗೆಯುವುದು.

ಪ್ಲಗ್ ಹಾಕುವ ಕೆಲಸವನ್ನು ಮಾತ್ರ ಹುಡುಗನಿಗೆ ನಿಧಾನವಾಗಿ ತೋರಿಸಿದೆ. ಪ್ಲಗ್ಗಿನ ಬಾಲಕ್ಕೆ ಒಂದು ರಬ್ಬರ್ ಪೈಪ್ ತುಂಡು ಸಿಕ್ಕಿಸಿ ಅದರಿಂದಲೇ ತಿರುಗಿಸಬೇಕು. ಥ್ರೆಡ್ ಅಡ್ಡ ಕೂತರೆ ಪೈಪ್ ಜಾರುತ್ತದೆ, ಪ್ಲಗ್ ತಿರುಗುವುದಿಲ್ಲ. ಪಾನ ಹಾಕಿದರೆ ಈ ಎಚ್ಚರಿಕೆ ಸಿಗುವುದಿಲ್ಲ, ಅದು ಅಡ್ಡಡ್ಡವಾಗಿಯೇ ನುಗ್ಗಿಸುತ್ತದೆ. ಥ್ರೆಡ್ಡಿಗೆ ಎಣ್ಣೆ, ಗ್ರೀಸ್ ಏನೂ ಬೇಡ. ಜಾರಿದರೆ ಅದೇ ಕೈ ಬಲಕ್ಕೆ ಜಾಸ್ತಿ ಬಿಗಿಯಾಗುತ್ತದೆ. ಕೊನೆಯ ಬಿಗಿಗೆ ಟಾರ್ಕ್ ಪಾನ. ಅಲ್ಯೂಮಿನಿಯಂ ಹೆಡ್‌ನಲ್ಲಿ 14ರ ಪ್ಲಗ್ಗಿಗೆ 25ರಿಂದ 30 ನ್ಯೂಟನ್ ಮೀಟರ್. ನಾನು 25ಕ್ಕೆ ನಿಲ್ಲಿಸಿದೆ. ಕಾಲು ಮೀಟರ್ ಉದ್ದದ ಹಿಡಿಯ ತುದಿಯನ್ನು ಹತ್ತು ಕೆ.ಜಿ. ಬಲದಲ್ಲಿ ಎಳೆದರೆ ಆಗುವಷ್ಟು, ಅಷ್ಟೇ. ಟಾರ್ಕ್ ಪಾನ ಇಲ್ಲದಿದ್ದರೆ ಕೈಯಲ್ಲಿ ತಾಗುವವರೆಗೆ ತಿರುಗಿಸಿ, ಹೊಸ ವಾಷರ್ ಇರುವ ಪ್ಲಗ್ಗಿಗೆ ಅರ್ಧ ಸುತ್ತು ಕೊಟ್ಟರೆ ಸಾಕು. ಹಳೆ ಪ್ಲಗ್ಗನ್ನೇ ವಾಪಸ್ ಹಾಕುವುದಾದರೆ ಗಡಿಯಾರದ ಮುಳ್ಳು ಒಂದು ಅಂಕಿ ಸರಿಯುವಷ್ಟು ಮಾತ್ರ, ಯಾಕೆಂದರೆ ಅದರ ವಾಷರ್ ಆಗಲೇ ಅಮುಕಿರುತ್ತದೆ. ಉದ್ದನೆ ಹಿಡಿಯಲ್ಲಿ ಇನ್ನೂ ಸ್ವಲ್ಪ ಅಂತ ಎಳೆಯುವ ಆ ಕೊನೆಯ ಎಳೆತದಲ್ಲೇ ಈ ಕಾರಿನ ಕಥೆ ಶುರುವಾಗಿದ್ದಿರಬೇಕು.

ಸ್ಟಾರ್ಟ್ ಮಾಡಿದಾಗ ಐಡಲ್ ನಯವಾಗಿ ಕೂತಿತು. ಸೋಪಿನ ನೀರಿಗೆ ಒಂದು ಗುಳ್ಳೆಯೂ ಏಳಲಿಲ್ಲ. ಕಂಪ್ರೆಷನ್ ಮೂರನೆಯದಕ್ಕೂ 172.

ಲೆಕ್ಕ ಹೀಗಿತ್ತು. ಲೇತ್ ಮತ್ತು ಬುಷ್ 1,800. ಗ್ಯಾಸ್ಕೆಟ್ ಮತ್ತು ಸೀಲುಗಳು 1,450. ಬೆಲ್ಟ್, ಮೂರು ಪ್ಲಗ್, ಕೂಲಂಟ್, ಆಯಿಲ್ ಎಲ್ಲ ಸೇರಿ 2,900. ನಮ್ಮ ಕೂಲಿ 3,500. ಒಟ್ಟು 9,650. ಬೆಲ್ಟ್ ಮತ್ತು ಆಯಿಲ್ ಹೇಗಿದ್ದರೂ ಬದಲಿಸಬೇಕಾಗಿತ್ತು.

ಕಾರು ಕೊಡುವಾಗ ಬಾನೆಟ್ ಒಳಗೆ ಒಂದು ಸಣ್ಣ ತಗಡಿನ ಪಟ್ಟಿ ಅಂಟಿಸಿದೆ. "ಮೂರನೇ ಪ್ಲಗ್ಗಿಗೆ ಸ್ಟೀಲ್ ಬುಷ್ ಹಾಕಿದೆ. ಇಂಜಿನ್ ತಣ್ಣಗಿದ್ದಾಗ ಮಾತ್ರ ಬಿಚ್ಚಿ. ಬಿಗಿ 25 ನ್ಯೂಟನ್ ಮೀಟರ್." ಮುಂದೆ ಯಾರ ಕೈಗೆ ಈ ಗಾಡಿ ಹೋಗುತ್ತದೋ, ಅವರಿಗೆ ಗೊತ್ತಿರಲಿ. ಹಿಂದಿನ ರಿಪೇರಿ ಮಾಡಿದವರು ಒಂದು ಮಾತು ಬರೆದಿಟ್ಟಿದ್ದರೆ ಮೇಷ್ಟ್ರು ಕೊಳ್ಳುವ ಮೊದಲೇ ತಿಳಿಯುತ್ತಿತ್ತು. ಹಳೆ ಕಾರು ನೋಡಲು ಹೋಗುವವರಿಗೆ ನಾನೀಗ ಇದನ್ನೂ ಹೇಳುತ್ತೇನೆ. ಬೆಳಿಗ್ಗೆ ತಣ್ಣಗಿದ್ದಾಗ ಹೋಗಿ, ಮಾರುವವರ ಒಪ್ಪಿಗೆ ಕೇಳಿ ಪ್ಲಗ್ಗುಗಳನ್ನು ಬಿಚ್ಚಿಸಿ ನೋಡಿ. ಅರ್ಧ ಗಂಟೆಯ ಕೆಲಸ. ಪ್ಲಗ್ಗಿನ ಬಣ್ಣ ಇಂಜಿನ್ನಿನ ಒಳಗನ್ನು ಹೇಳುತ್ತದೆ, ತೂತಿನ ಥ್ರೆಡ್ ಹಿಂದಿನ ಕೈಗಳನ್ನು ಹೇಳುತ್ತದೆ.

500 ಕಿಲೋಮೀಟರ್ ಆದ ಮೇಲೆ ಒಮ್ಮೆ ಬಂದು ತೋರಿಸಿದರು. ಬುಡ ಒಣಗಿತ್ತು, ಪ್ಲಗ್ ಮುಟ್ಟಲಿಲ್ಲ. ನಿಜವಾದ ಪರೀಕ್ಷೆ ಮೊನ್ನೆ, 6,000 ಕಿಲೋಮೀಟರ್ ಸರ್ವಿಸಿಗೆ ಬಂದಾಗ. ಮೇಷ್ಟ್ರು ಹಿಂದಿನ ರಾತ್ರಿಯೇ ಗಾಡಿ ತಂದು ಬಿಟ್ಟಿದ್ದರು, ತಣ್ಣಗಾಗಲಿ ಅಂತ. ಬೆಳಿಗ್ಗೆ ನಾನೇ ಮೂರನೇ ಪ್ಲಗ್ಗಿಗೆ ಪಾನ ಹಾಕಿದೆ. ಬುಷ್ಷಿನ ಅಂಚಿಗೆ ಮೊದಲೇ ಮಾರ್ಕರಿನಲ್ಲಿ ಒಂದು ಗೆರೆ ಎಳೆದಿದ್ದೆ. ಸಣ್ಣಗೆ ಕಟ್ ಅಂದು ಪ್ಲಗ್ ಬಿಟ್ಟಿತು. ಉಳಿದಿದ್ದನ್ನು ಬೆರಳಲ್ಲೇ ತಿರುಗಿಸಿ ತೆಗೆದೆ. ತುದಿ ತಿಳಿ ಕಂದು. ಗೆರೆ ಎಳೆದಲ್ಲೇ ಇತ್ತು.